ಮುರಿದದ್ದು ಮಾಸ್ತಮ್ಮನಿಗೆ

ಮಾಸ್ತಮ್ಮ ಸಾಗರದ ಸಂತೆಗೆ ಹೋಗಬೇಕೆಂದರೆ ಮನೆಯಲ್ಲಿ ಉಳಿದ ಹೆಂಗಸು ಇಬ್ಬರಾಗಬೇಕು. ಆ ಮನೆಯಲ್ಲಿ ಮೊದಲಿಂದಲೂ ಹಾಗೆಯೇ. ಅತ್ತೆ ಕೆರಿಯಮ್ಮ ಗಟ್ಟಿಯಿದ್ದಾಗ ಅವಳು ಸಂತೆಗೆ ಹೊರಟ ದಿನ ಮಾಸ್ತಮ್ಮ ಇಬ್ಬರ ಕೆಲಸ ಹೊತ್ತು ಇಬ್ಬರಾಗುತ್ತಿದ್ದಳು. ಈಗ ಕೆರಿಯಮ್ಮ ಜಗಲಿಯ ಮೂಲೆ ಹಿಡಿದಿದ್ದಾಳೆ. ಮಾಸ್ತಮ್ಮ ಹೊರಟರೆ ಸೊಸೆ ಕವನಾ ಇಬ್ಬರಾಗಬೇಕು. ಕವನಾಗೆ ಏಳು ತಿಂಗಳು. ಅವಳು ಆಗಲೇ ಇಬ್ಬರು. ಅಂದರೆ ಇವತ್ತು ಮೂವರಾಗಬೇಕಿತ್ತು.

ಅದಕ್ಕೇ ಮಾಸ್ತಮ್ಮ ನಾಲ್ಕಕ್ಕೇ ಎದ್ದಿದ್ದಳು. ಕೊಟ್ಟಿಗೆ ಬಾಚಿ, ಎಮ್ಮೆ ಕರೆದು, ಬಚ್ಚಲ ಹಂಡೆ ತುಂಬಿಸಿ ಬೆಂಕಿ ಹಾಕಿ, ತಿಂಡಿಗೆ ರೊಟ್ಟಿ ತಟ್ಟಿ, ಮಧ್ಯಾಹ್ನದ ಸಾರಿಗೆ ಹುರಿದು ರುಬ್ಬಿಟ್ಟು, ಕೆರಿಯಮ್ಮನ ಮಂಡಿಗೆ ಎಣ್ಣೆ ಹಚ್ಚಿ ಎದ್ದರೂ ಕೆಲಸ ಮೊದಲಿದ್ದಷ್ಟೇ ಇತ್ತು. ಬಾವಿಯ ನೀರಿನ ಹಾಗೆ, ಸೇದಿದಷ್ಟೂ ಅಷ್ಟೇ. ಗಂಡ ಮಂಜುನಾಥಪ್ಪ ಜಗಲಿಯಲ್ಲಿ ಕೂತು ಚಾ ಕುಡಿಯುತ್ತ, "ಒಂದು ಗಂಟೆ ಬಸ್ಸಿಗೇ ಬಂದ್ಬಿಡು ಮಾರಾಯ್ತಿ, ಕವನಾಗೆ ಕಷ್ಟ ಆಗ್ತದೆ" ಎಂದ. ಒಳ್ಳೆಯ ಮನುಷ್ಯ. ಸೊಸೆಗೆ ಕಷ್ಟವಾಗುತ್ತದೆಂದು ಅವನಿಗೆ ಗೊತ್ತಿತ್ತು. ಕುಡಿದ ಲೋಟ ಮಾತ್ರ ಕೂತಲ್ಲೇ ಬಿಟ್ಟು ಎದ್ದ.

ಮರುದಿನ ಭೂಮಿ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ತೆನೆ ಹೊತ್ತು ನಿಂತ ಕಾಲ. ಭೂಮಿ ತುಂಬಿದ ಬಸುರಿ, ಅವಳಿಗೆ ಬಯಕೆ ಬಡಿಸಬೇಕು. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದ ಬುಟ್ಟಿಯಲ್ಲಿ ಬಗೆಬಗೆಯ ಅಡುಗೆ ತುಂಬಿ, ಬೆಳಕು ಹರಿಯುವ ಹೊತ್ತಿಗೆ ಗದ್ದೆಗೆ ಒಯ್ಯಬೇಕು. ಒಯ್ಯುವುದು ಗಂಡಸರು. ಮಣ್ಣು ಬಳಿಯುವುದು, ಚಿತ್ತಾರ ಬರೆಯುವುದು, ನೂರೊಂದು ಬಗೆಯ ಸೊಪ್ಪು ಹುಡುಕಿ ಕೊಯ್ಯುವುದು, ಸೋಸುವುದು, ಬೇಯಿಸುವುದು ಹೆಂಗಸರು. ಸಂಜೆ ಮಿಂದು ಒಲೆ ಹಚ್ಚಿದವಳು ಬುಟ್ಟಿ ಗದ್ದೆ ಸೇರುವ ತನಕ ಬಾಯಿಗೆ ಏನೂ ಹಾಕುವಂತಿಲ್ಲ, ಉಪ್ಪು ನೋಡುವಂತೆಯೂ ಇಲ್ಲ. ಮೊದಲ ತುತ್ತು ಬಸುರಿಯದು.

ಅಂಬಲಿ ಕಾಯಿಸಲು ಹೊಸ ಮಡಿಕೆ, ಪಾಕದಂಥ ಜೋನಿ ಬೆಲ್ಲ, ಹಸಿರು ಬಳೆ, ಮನೆಯ ಹಿತ್ತಲಲ್ಲಿ ಆಗದ ನಾಲ್ಕು ತರಕಾರಿ. ಸಂತೆಗೆ ಹೊರಟಿದ್ದು ಇಷ್ಟಕ್ಕೆ. ಜೊತೆಗೆ ಇನ್ನೊಂದು.

ಹಿಂದಿನ ದಿನ ಸಂಜೆ ಬುಟ್ಟಿಗೆ ಚಿತ್ತಾರ ಬರೆಯುತ್ತ ಕೂತಿದ್ದಾಗ ಕವನಾ ಹತ್ತಿರ ಬಂದು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಕೂತಿದ್ದಳು. ಹೊಸನಗರದ ಕಡೆಯ ಹುಡುಗಿ. ತೀರ್ಥಹಳ್ಳಿಯಲ್ಲಿ ಬಿ.ಕಾಂ. ಓದಿದವಳು.

"ಅತ್ತೆ, ಸಂತೇಲಿ ತೊಡೆದೇವು ಸಿಗುತ್ತಾ?"

"ಎಂತಕ್ಕೆ?"

"ಹಾಸ್ಟೆಲಲ್ಲಿ ಶ್ರೀಗೌರಿ ಅಂತ ಇದ್ಲು. ಅವರ ಮನೆಯಿಂದ ತರ್ತಿದ್ಲು. ಕಾಗದದ ಹಾಗೆ ತೆಳ್ಳಗೆ, ಮೇಲೆ ತುಪ್ಪ ಹಾಕ್ಕೊಂಡು... ಹದಿನೈದು ದಿವಸ ಆಯ್ತು ಅತ್ತೆ, ಕಣ್ಣು ಮುಚ್ಚಿದ್ರೆ ಅದೇ. ಇವರಿಗೆ ಎರಡು ಸಲ ಹೇಳ್ದೆ. ಎರಡು ಸಲವೂ ಮರೆತ್ರು."

ಇವರು ಅಂದರೆ ಮಾಸ್ತಮ್ಮನ ಮಗ ದಿನೇಶ. ಆವಿನಹಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವನು. ಊರವರ ಮೋಟಾರಿನ ಸದ್ದು ಕೇಳಿಯೇ ಯಾವ ಬೇರಿಂಗು ಹೋಗಿದೆ ಎಂದು ಹೇಳುತ್ತಿದ್ದ.

"ತರ್ತೀನಿ ಬಿಡು" ಎಂದಿದ್ದಳು ಮಾಸ್ತಮ್ಮ. ಹೇಳುವಾಗ ಖುಷಿಯಾಗಿತ್ತು. ರಾತ್ರಿ ಮಲಗಿದಾಗ ಮಾತ್ರ ಇನ್ನೊಂದು ಯೋಚನೆ ಬಂತು. ಕೇಳಿದಳಲ್ಲ ಈ ಹುಡುಗಿ! ಬಾಯಿಬಿಟ್ಟು ನಂಗಿದು ಬೇಕು ಅಂದಳಲ್ಲ!

ಸಾಗರದಲ್ಲಿ ಇಳಿದಾಗ ಹತ್ತು ಗಂಟೆ. ಸಂತೆ ಆಗಲೇ ರಸ್ತೆಗೆ ಚೆಲ್ಲಿತ್ತು. ಟಾರ್ಪಾಲಿನ ಕೆಳಗೆ ಹೀರೆ, ಮೊಗೆಕಾಯಿ, ಕೆಸುವಿನ ಗೆಡ್ಡೆ. ಆ ಕಡೆ ಒಣಮೀನಿನ ಸಾಲು. ಈ ಕಡೆ ಸೇವಂತಿಗೆಯ ಗುಡ್ಡೆಯ ಮೇಲೆ ಜೇನುನೊಣಗಳು. "ಬೀನ್ಸಿಗೆ ಇಷ್ಟು ರೇಟಾ?" ಎಂದು ಮಾಸ್ತಮ್ಮ ಬಾಯಿ ಮಾಡಿದಾಗ ತರಕಾರಿಯವನು, "ಮನೇಲಿ ಬಸುರಿ ಇದ್ಮೇಲೆ ಖರ್ಚು ಜಾಸ್ತಿನೇ ಅಕ್ಕಾ, ಅದೂ ಇಡೀ ಭೂಮಿಯೇ ಬಸುರಿ" ಎಂದು ಒಂದು ಹಿಡಿ ಹೆಚ್ಚು ಹಾಕಿದ. ಬಳೆಯಂಗಡಿಯವಳು "ಯಾರ ಕೈಗೆ? ಅಳತೆ ಎಷ್ಟು?" ಎಂದಳು. "ಭೂಮಿಗೆ" ಎಂದಳು ಮಾಸ್ತಮ್ಮ. "ಹಂಗಾದ್ರೆ ಯಾವ ಸೈಜಾದ್ರೂ ನಡೀತದೆ. ಬಿಗಿ ಆಯ್ತು ಅಂತ ವಾಪಸ್ ತರೋಳಲ್ಲ ಅವಳು."

ಮಡಿಕೆ ಮಾರುವವಳ ಹತ್ತಿರ ಕೂತು ಒಂದೊಂದನ್ನೂ ಬೆರಳಿನಿಂದ ತಟ್ಟಿ, ಕಿವಿಗೆ ಹಿಡಿದು, ಏಳನೆಯದನ್ನೋ ಎಂಟನೆಯದನ್ನೋ ಆರಿಸಿದಳು. ಗುಂಡಗಿನ ತಳ, ನಯವಾದ ಮೈ. ಹಳೆಯ ಸೀರೆಯ ತುಂಡಿನಲ್ಲಿ ಮಗುವಿಗೆ ಸುತ್ತಿದ ಹಾಗೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

ತೊಡೆದೇವು ಸಿಗುವುದು ಪೇಟೆಬೀದಿಯ ಸಂದಿಯಲ್ಲಿ, ಹಪ್ಪಳ ಸಂಡಿಗೆಯ ಪುಟ್ಟ ಅಂಗಡಿಯಲ್ಲಿ ಎಂದು ಯಾರೋ ಹೇಳಿದರು. ಬೋರ್ಡಿನ ಮೇಲೆ ಮಹಾಗಣಪತಿ ಎಂಬ ಗಂಡಸಿನ ಹೆಸರಿತ್ತು. ಒಳಗೆ ಕೂತು ಮಾರುತ್ತಿದ್ದವಳು, ಬೆಳಗಿನ ಜಾವ ಒಲೆಯ ಮುಂದೆ ಕೂತು ಅದನ್ನೆಲ್ಲ ಮಾಡುವವಳು ಅವನ ಹೆಂಡತಿ ಮಹಾಲಕ್ಷ್ಮೀ.

"ತೊಡೆದೇವಾ? ಯಾರಿಗೆ?"

"ಸೊಸೆಗೆ. ಬಯಕೆ."

ಮಹಾಲಕ್ಷ್ಮೀಯ ಮುಖ ಬಿಚ್ಚಿಕೊಂಡಿತು. ಒಳಕ್ಕೆ ತಿರುಗಿ ತಮ್ಮ ಮನೆಮಾತಿನಲ್ಲಿ ಗಂಡನನ್ನು ಕೂಗಿದಳು: "ಹೋಯ್, ತೊಡೆದೇವು ಇನ್ನೊಂದು ಕಟ್ಟು ಇದ್ದಾ?"

"ಇಲ್ಲೆ. ಅಲ್ಲಿಪ್ದೇ ಕಡೇದು" ಎಂದಿತು ಒಳಗಿನ ಧ್ವನಿ.

"ನಿಮ್ಮ ಅದೃಷ್ಟ ನೋಡಿ, ಒಂದೇ ಉಳಿದಿದೆ. ಏಳು ಇದಾವೆ. ಇನ್ನು ನಾನು ಒಲೆ ಮುಂದೆ ಕೂರೋದು ದೀಪಾವಳಿ ಕಳೆದ ಮೇಲೆ, ಸೊಂಟ ಬಿದ್ದುಹೋಗಿದೆ. ಹುಷಾರು, ಜೋರಾಗಿ ಉಸಿರು ಬಿಟ್ರೂ ಮುರೀತದೆ ಇದು."

ಪ್ಲಾಸ್ಟಿಕ್ಕಿನ ಒಳಗಿಂದಲೇ ಬೆಲ್ಲ ಕಾದ ವಾಸನೆ, ಏಲಕ್ಕಿಯ ವಾಸನೆ ಬಂತು. ಆ ವಾಸನೆ ಮಾಸ್ತಮ್ಮನಿಗೆ ಹೊಸದಲ್ಲ. ಅವಳ ಅವ್ವ ಕೆಲಸಕ್ಕೆ ಹೋಗುತ್ತಿದ್ದ ಒಡೆಯರ ಮನೆಯಲ್ಲಿ ಕಬ್ಬು ಅರೆಯುವ ಕಾಲಕ್ಕೆ ಹಿತ್ತಲಲ್ಲಿ ಒಲೆ ಹೂಡಿ ತೊಡೆದೇವು ಮಾಡುತ್ತಿದ್ದರು. ಮಡಿಕೆಯನ್ನು ಒಲೆಯ ಮೇಲೆ ಬೋರಲು ಹಾಕಿ, ಅದರ ಕಾದ ಬೆನ್ನ ಮೇಲೆ ಬಟ್ಟೆ ಕಟ್ಟಿದ ಕೋಲಿನಿಂದ ಹಿಟ್ಟು ಬಳಿದು, ಸೀರೆಯ ಸೆರಗಿನ ಹಾಗೆ ಎಬ್ಬಿಸಿ ಮಡಚುತ್ತಿದ್ದರು. ಬೇಲಿಯ ಈಚೆ ನಿಂತು ಪುಟ್ಟ ಮಾಸ್ತಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಇಡಿಯವು ಡಬ್ಬಕ್ಕೆ. ಮುರಿದವು ಬಾಳೆಲೆಯಲ್ಲಿ ಅವ್ವನ ಕೈಗೆ.

ಮದುವೆಯಾಗಿ ಈ ಮನೆಗೆ ಬಂದ ಮೇಲೂ ಅದೇ ಕಾನೂನು. ಕಾವಲಿಯಿಂದ ಎಬ್ಬಿಸುವಾಗ ಹರಿದ ದೋಸೆ ಮಾಸ್ತಮ್ಮನಿಗೆ. ಸೀದ ರೊಟ್ಟಿ ಅವಳಿಗೆ. ಮೀನು ಹುರಿದರೆ ಬಾಣಲೆಗೆ ಅಂಟಿದ ಚೂರು ಅವಳಿಗೆ. ಯಾರೂ ಹೀಗೇ ಮಾಡು ಎಂದು ಹೇಳಿದವರಲ್ಲ. "ಮುರಿದದ್ದು ನಂಗಿರ್ಲಿ" ಎಂದು ಅವಳೇ ಸಾವಿರ ಸಲ ಹೇಳಿದ್ದಳು. ಹೇಳಿ ಹೇಳಿ, ಐವತ್ತಮೂರು ವರ್ಷಕ್ಕೆ, ಅವಳ ಕೈ ತಟ್ಟೆಯಲ್ಲಿ ಇಡಿಯದನ್ನು ಮುಟ್ಟುವುದನ್ನೇ ಮರೆತಿತ್ತು.

ಎಲ್ಲ ಮುಗಿದಾಗ ಹನ್ನೆರಡೂವರೆ. ಒಂದು ಗಂಟೆಯ ಬಸ್ಸಿಗೆ ಧಾರಾಳ ಸಮಯವಿತ್ತು. ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಹೋಟೆಲೊಂದರ ಮುಂದೆ ಕಾಲು ನಿಂತಿತು. ಇವತ್ತು ಸಂಜೆಯಿಂದ ಹೇಗೂ ಉಪವಾಸ, ಈಗ ಒಂದು ಚಾ ಕುಡಿದರೆ ತಪ್ಪೇನು ಎಂದುಕೊಂಡು ಒಳಗೆ ಹೋದವಳ ಬಾಯಿಂದ "ಮಸಾಲೆ ದೋಸೆ" ಎಂಬ ಮಾತು ಬಂತು.

ದೋಸೆ ಇಡಿಯದಾಗಿ ಬಂತು. ತಟ್ಟೆಯಿಂದ ಎರಡೂ ಕಡೆ ಹೊರಗೆ ಚಾಚಿಕೊಂಡು, ಕೆಂಪಗೆ, ಬಿಸಿಯಾಗಿ. ಮಾಸ್ತಮ್ಮ ಒಂದು ಗಳಿಗೆ ಅದನ್ನು ನೋಡಿದಳು, ಯಾರದ್ದೋ ಇಲ್ಲಿ ಇಟ್ಟುಹೋದರೇನೋ ಎಂಬಂತೆ. ಅರ್ಧ ತಿನ್ನುವಾಗ ಸಪ್ಲೈಯರ್ ಬಂದು, "ಚಟ್ನಿ ಬೇಕಾ ಅಮ್ಮಾ?" ಎಂದ. ಊಟಕ್ಕೆ ಕೂತ ಅವಳನ್ನು ಬೇಕಾ ಎಂದು ಕೇಳಿದವರು ಯಾರು ಎಂದು ನೆನಪು ಮಾಡಿಕೊಂಡಳು. ಅವ್ವ. ಅವ್ವ ಹೋಗಿ ಇಪ್ಪತ್ತೆರಡು ವರ್ಷ.

"ಹಾಕು" ಎಂದಳು. ಆಮೇಲೆ ಚಾ ತರಿಸಿದಳು. ಚಾ ಬಿಸಿಯಿತ್ತು, ಆರಲಿ ಎಂದು ಕಾದಳು. ಗೋಡೆಯ ಗಡಿಯಾರ ಎದುರಿಗೇ ಇತ್ತು. ಹನ್ನೆರಡು ಐವತ್ತು ಆದದ್ದನ್ನು ನೋಡಿದಳು. ಐವತ್ತೈದು ಆದದ್ದನ್ನೂ ನೋಡಿದಳು. ಒಂದು ದಾಟಿದ ಮೇಲೆ ಲೋಟ ಎತ್ತಿ ಕೊನೆಯ ಗುಟುಕು ಕುಡಿದು, "ಅಯ್ಯೋ, ಬಸ್ಸು ಹೋಯ್ತಲ್ಲ" ಎಂದು ಮೆಲ್ಲಗೆ ಅಂದಳು. ಯಾರಿಗೆ ಹೇಳಿದ್ದು ಎಂದು ಅವಳಿಗೂ ಗೊತ್ತಾಗಲಿಲ್ಲ. ಮನೆಯಲ್ಲಿ ಈಗ ಕವನಾ ಮೂವರಿಗೆ ಬಡಿಸಿ, ಪಾತ್ರೆ ಎತ್ತಿ, ನೆಲ ಒರೆಸಲು ಬಗ್ಗಲಾರದೆ ಬಗ್ಗುತ್ತಿರುತ್ತಾಳೆ. ಇಲ್ಲಿ ತಾನು ಕುರ್ಚಿಗೆ ಒರಗಿ ಕೂತ ಒಂದೊಂದು ನಿಮಿಷವನ್ನೂ ಅಲ್ಲಿ ಆ ಹುಡುಗಿಯ ಸೊಂಟ ಹೊರುತ್ತಿದೆ.

ಮುಂದಿನ ಬಸ್ಸು ಮೂರೂಕಾಲಿಗೆ. ಹಿನ್ನೀರು ದಾಟಲು ಹೊಳೆಬಾಗಿಲಿಗೆ ಸೇತುವೆ ಆದಮೇಲೆ ಆ ದಾರಿಯ ಬಸ್ಸಿನಲ್ಲಿ ಊರವರಿಗಿಂತ ಸಿಗಂದೂರಿಗೆ ಹೋಗುವ ಭಕ್ತರೇ ಹೆಚ್ಚು. ಅವರ ಬ್ಯಾಗು, ಅವರ ಮಕ್ಕಳು, ಅವರ ತೆಂಗಿನಕಾಯಿ. ಕಿಟಕಿಯ ಪಕ್ಕ ಹೇಗೋ ಸೀಟು ಹಿಡಿದ ಮಾಸ್ತಮ್ಮ ಮಡಿಕೆಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಸುತ್ತುವರಿದಳು. ತೊಡೆದೇವಿನ ಕಟ್ಟು ತರಕಾರಿ ಚೀಲದ ಮೇಲೆ, ಕಾಲ ಬಳಿ.

ಊರು ಬಿಡುವ ಮೊದಲೇ ಯಾರದೋ ಬ್ಯಾಗು ಚೀಲಕ್ಕೆ ಬಡಿಯಿತು. ಟಪ್ಪೆಂದು ಸಣ್ಣ ಸದ್ದು. ಮಾಸ್ತಮ್ಮ ಎದೆ ಹಿಡಿದುಕೊಂಡು ಕಟ್ಟನ್ನು ಎತ್ತಿ ನೋಡಿದಳು. ಮೇಲಿನ ಎರಡು ಮುರಿದಿದ್ದವು.

"ಸಾರಿ ಆಂಟಿ" ಎಂದಳು ಬ್ಯಾಗಿನ ಹುಡುಗಿ.

"ಇರ್ಲಿ ಬಿಡು."

ಮುರಿದದ್ದನ್ನು ಬಸುರಿಗೆ ಕೊಡಲಿಕ್ಕಾಗುತ್ತದೆಯೇ? ಐದು ಇಡಿಯವಿವೆ, ಸಾಕಲ್ಲ. ಹೀಗೆಂದುಕೊಂಡಾಗ ಮಾಸ್ತಮ್ಮನ ಮನಸ್ಸಿನಲ್ಲಿ ಕಳ್ಳತನ ಇರಲಿಲ್ಲ. ಮುರಿದದ್ದು ಅವಳದು, ಅದು ಸೂರ್ಯ ಮೂಡಿದಷ್ಟೇ ಸಹಜ. ಚೂರುಗಳನ್ನು ಒಂದೊಂದಾಗಿ ಬಾಯಿಗಿಟ್ಟಳು. ನಾಲಿಗೆ ತಾಗುವಷ್ಟರಲ್ಲಿ ಕರಗುತ್ತಿತ್ತು. ಅಗಿಯುವ ಕೆಲಸವನ್ನೂ ಕೊಡದ ತಿಂಡಿ.

ಇಕ್ಕೇರಿಯ ತಿರುವಿನಲ್ಲಿ ಡ್ರೈವರ್ ಬ್ರೇಕು ಹಾಕಿದ. ಮೂರನೆಯದು ಹೋಯಿತು. ನಾಲ್ಕನೆಯದು ಮುರಿದಿರಲಿಲ್ಲ, ಅಂಚಿನಲ್ಲಿ ಕೂದಲಿನಂಥ ಬಿರುಕು ಮಾತ್ರ. ಬಿರುಕು ಬಿಟ್ಟದ್ದು ಮನೆ ಮುಟ್ಟುವಷ್ಟರಲ್ಲಿ ಮುರಿದೇ ಮುರಿಯುತ್ತದೆ ಎಂದು ಅವಳು ತೀರ್ಪು ಕೊಟ್ಟಳು. ಅಷ್ಟರಲ್ಲಿ ಫೋನು ಬಂತು.

"ಅತ್ತೆ, ಎಲ್ಲಿದ್ದೀರಾ? ಒಂದು ಗಂಟೆ ಬಸ್ಸು ತಪ್ತಾ?"

"ಹೂಂ ಮಾರಾಯ್ತಿ. ರಶ್ಶು."

"ಎಮ್ಮೆ ನಾನೇ ಕರೀತೀನಿ ಬಿಡಿ. ಅಕ್ಕಿ ರುಬ್ಬಿ ಆಯ್ತು. ಸಿಕ್ತಾ ಅತ್ತೆ?"

"ಸಿಕ್ತು."

"ಸಿಕ್ತಾ!" ಕವನಾಳ ಧ್ವನಿ ಎಷ್ಟು ಮೇಲೆ ಹಾರಿತೆಂದರೆ ಪಕ್ಕದ ಸೀಟಿನವಳೂ ತಿರುಗಿ ನೋಡಿದಳು. "ಮುರಿದಿಲ್ಲ ಅಲ್ವಾ? ನಾನು ತುಪ್ಪ ಕಾಸಿಟ್ಕೊಂಡು ಕೂತಿದ್ದೀನಿ."

ಫೋನು ಇಟ್ಟ ಮೇಲೆ ಮಾಸ್ತಮ್ಮನ ಎದೆಯಲ್ಲಿ ಏನೋ ಕೆರಳಿತು. ಅದು ಸಿಟ್ಟೂ ಅಲ್ಲ, ಅಳುವೂ ಅಲ್ಲ. ದಿನೇಶ ಹೊಟ್ಟೆಯಲ್ಲಿದ್ದಾಗ ಅವಳಿಗೂ ಇದೇ ಬಯಕೆ ಹತ್ತಿತ್ತು. ಇದೇ ತೊಡೆದೇವು. ಕೇಳಲು ಬಾಯಿ ಇರಲಿಲ್ಲ. ಒಂದು ದಿನ ಕೆರಿಯಮ್ಮ ಈ ಊರಿನ ಒಡೆಯರ ಮನೆಯ ಕೆಲಸದಿಂದ ಬರುವಾಗ ಬಾಳೆಲೆಯ ಪೊಟ್ಟಣ ತಂದಳು. ಮಾವನಿಗೆ ಚೂರು, ಗಂಡನಿಗೆ ಚೂರು, ಇಬ್ಬರು ಮೈದುನರಿಗೆ ಚೂರು. ಬಸುರಿ ಮಾಸ್ತಮ್ಮನಿಗೆ ಎಲೆ. ಹಿತ್ತಲಿಗೆ ಹೋಗಿ ಎಲೆಯನ್ನು ನೆಕ್ಕಿದ್ದಳು. ಬಯಕೆ ತೀರದಿದ್ದರೆ ಮಗು ಜೊಲ್ಲು ಸುರಿಸುತ್ತದಂತೆ. ದಿನೇಶ ಐದು ವರ್ಷದವರೆಗೆ ಅಂಗಿ ಒದ್ದೆ ಮಾಡಿಕೊಂಡ. "ಅದೆಂತ ಆಸೆ ಇಟ್ಕೊಂಡಿದ್ಯೇ ಹೊಟ್ಟೇಲಿ?" ಎಂದು ಕೇರಿಯ ಹೆಂಗಸರು ಅವಳನ್ನೇ ಕೇಳಿ ನಗುತ್ತಿದ್ದರು.

ಕೇಳಿದವಳಿಗೆ ಏಳು. ತುಪ್ಪ ಬೇರೆ.

ನಾಲ್ಕನೆಯದನ್ನು ತಿಂದಳು. ಐದನೆಯದು ರಸ್ತೆಯ ಹೊಂಡಕ್ಕೆ ಮುರಿಯಿತು. ಅಥವಾ ಹೊಂಡಕ್ಕೆ ಮುರಿಯಿತು ಎಂದು ಅವಳು ಅಂದುಕೊಂಡಳು. ಉಳಿದ ಎರಡು ಗಟ್ಟಿಯಾಗಿ ಉಳಿದವು. ಬಸ್ಸು ಎಷ್ಟು ಕುಣಿದರೂ ಮುರಿಯಲಿಲ್ಲ. ಮಾಸ್ತಮ್ಮ ಕಿಟಕಿಯಿಂದ ಹೊರಗೆ ನೋಡುತ್ತ ಕೂತಳು. ಹೊರಗೆ ಗದ್ದೆಗಳಲ್ಲಿ ಭತ್ತ ಹೊಟ್ಟೆ ಹೊತ್ತು ನಿಂತಿತ್ತು. ಅವಳ ಕೈ ಮಾತ್ರ ಪ್ಲಾಸ್ಟಿಕ್ಕಿನ ಒಳಗಿತ್ತು. ಹೆಬ್ಬೆರಳು ಆರನೆಯದರ ಮಡಚಿದ ಅಂಚಿನ ಮೇಲೆ ಕೂತಿತು. ಒತ್ತಿತು.

ಟಪ್.

ಈ ಸದ್ದಿಗೆ ಬ್ಯಾಗಿನ ಹುಡುಗಿ ಕಾರಣವಲ್ಲ, ಡ್ರೈವರ್ ಕಾರಣವಲ್ಲ, ರಸ್ತೆ ಕಾರಣವಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ತಿಂದಳು. ಏಳನೆಯದು ಒಂಟಿಯಾಯಿತು. ಒಂದನ್ನೇ ಒಯ್ದು ಕೊಟ್ಟರೆ ಉಳಿದ ಆರು ಎಲ್ಲಿ ಎಂದು ಕೇಳುತ್ತಾಳಲ್ಲ? ಅದನ್ನೂ ಮುರಿದಳು.

ಊರಿನ ಸ್ಟಾಪಿನಲ್ಲಿ ಇಳಿದಾಗ ಮಡಿಕೆಗೆ ಒಂದು ಗೀರೂ ಬಿದ್ದಿರಲಿಲ್ಲ.

ಸ್ಟಾಪಿನಿಂದ ಮನೆಗೆ ಹತ್ತು ನಿಮಿಷದ ದಾರಿ. ಪ್ಲಾಸ್ಟಿಕ್ಕನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದಳು. ಅದು ನಡೆದ ಹಾಗೆಲ್ಲ ಚರಚರ ಎನ್ನುತ್ತಿತ್ತು. ಸುಳ್ಳನ್ನು ದಾರಿಯಲ್ಲೇ ಹೊಂದಿಸಿದಳು. ಯಾರೋ ಚೀಲದ ಮೇಲೆ ಕೂತುಬಿಟ್ಟರು, ಎಲ್ಲ ಪುಡಿಯಾಯಿತು, ಅಷ್ಟೇ. ಪೂರ್ತಿ ಸುಳ್ಳೂ ಅಲ್ಲ.

ಜಗಲಿಯಲ್ಲಿ ಮಂಜುನಾಥಪ್ಪ ಮತ್ತು ಅಂಗಡಿ ಮುಚ್ಚಿ ಬೇಗ ಬಂದ ದಿನೇಶ ಚಾ ಕುಡಿಯುತ್ತ, ನಾಳೆ ಬುಟ್ಟಿ ಯಾರು ಹೊರುವುದು ಎಂದು ಮಾತಾಡುತ್ತಿದ್ದರು. ಒಳಗೆ ಕವನಾ ಗೋಡೆಗೆ ಒರಗಿ, ಕಾಲು ಚಾಚಿ, ಸೊಪ್ಪಿನ ರಾಶಿಯ ಮುಂದೆ ಕೂತಿದ್ದಳು. ಪಾದ ಊದಿ ಹೊಳೆಯುತ್ತಿತ್ತು. ಪಕ್ಕದಲ್ಲಿ ಒಂದು ಸಣ್ಣ ಬಟ್ಟಲಲ್ಲಿ ತುಪ್ಪ, ಅದಕ್ಕೆ ಒಂದು ಚಮಚ. ಅತ್ತೆಯನ್ನು ಕಂಡು ನೆಟ್ಟಗೆ ಕೂತಳು.

"ಏನು ಹೇಳಲಿ ಕವನಾ," ಮಾಸ್ತಮ್ಮ ಚೀಲ ಇಳಿಸುತ್ತ ನೆಲ ನೋಡಿ ಹೇಳಿದಳು, "ಬಸ್ಸಲ್ಲಿ ಯಾರೋ ಪುಣ್ಯಾತ್ಗಿತ್ತಿ ಚೀಲದ ಮೇಲೇ ಕೂತ್ಬಿಟ್ಲು. ಎಲ್ಲ ಮುರಿದು ಪುಡಿಪುಡಿ ಆಗಿಹೋಯ್ತು."

ಕವನಾಳ ಮುಖ ಒಂದು ಕ್ಷಣ ಸಣ್ಣದಾಯಿತು. ಆಮೇಲೆ ಅವಳೇ ನಕ್ಕಳು. "ಹೋಗ್ಲಿ ಬಿಡಿ ಅತ್ತೆ. ಅದಕ್ಕೆ ಯಾಕೆ ಅಷ್ಟು ಬೇಜಾರು? ಪುಡೀನೇ ಕೊಡಿ. ಮುರಿದದ್ದಾದ್ರೆ ಏನು, ನಂಗೆ ಸಾಕು."

ಮಾಸ್ತಮ್ಮ ಈ ಮಾತಿಗೆ ತಯಾರಾಗಿರಲಿಲ್ಲ. ಮುರಿದದ್ದು ನಂಗೆ ಸಾಕು. ತನ್ನದೇ ಮಾತು, ತನ್ನದೇ ರಾಗ, ಈ ಹುಡುಗಿಯ ಬಾಯಿಂದ. ಮದುವೆಯಾಗಿ ಒಂದೂವರೆ ವರ್ಷಕ್ಕೇ ಕಲಿತುಬಿಟ್ಟಳಲ್ಲ! ಕವನಾ ಚೀಲದ ಕಡೆ ಕೈ ಚಾಚಿದ್ದಳು.

"ಪುಡೀನೂ ಇಲ್ಲ" ಎಂದಳು ಮಾಸ್ತಮ್ಮ. "ತಿಂದೆ."

"ಎಂತ?"

"ಯಾರೂ ಕೂತಿಲ್ಲ ಚೀಲದ ಮೇಲೆ. ನಾನೇ ತಿಂದೆ. ಮೊದಲು ಮುರಿದದ್ದು ತಿಂದೆ. ಆಮೇಲೆ ಮುರಿದು ತಿಂದೆ. ಏಳೂ." ಸೊಂಟದಿಂದ ಪ್ಲಾಸ್ಟಿಕ್ಕನ್ನು ತೆಗೆದು ಸೊಪ್ಪಿನ ಪಕ್ಕ ಇಟ್ಟಳು. "ಬಸ್ಸೂ ತಪ್ಪಿದ್ದಲ್ಲ, ತಪ್ಪಿಸಿದ್ದು. ಹೋಟ್ಲಲ್ಲಿ ಕೂತು ದೋಸೆ ತಿಂದೆ."

ಕವನಾ ಆ ಪ್ಲಾಸ್ಟಿಕ್ಕನ್ನು ಬಿಡಿಸಿ ಒಳಗೆ ನೋಡಿದಳು.

"ನಂಗೆ ಸಿಟ್ಟು ಬಂದಿದೆ ಅತ್ತೆ" ಎಂದಳು. ಧ್ವನಿ ಎತ್ತರವಾಗಿರಲಿಲ್ಲ.

"ಬರ್ಲಿ."

"ಬೆಳಿಗ್ಗೆಯಿಂದ ಹದಿಮೂರು ಕೊಡ ನೀರು ಹೊತ್ತೆ. ಮೋಟಾರ್ ಕೆಟ್ಟಿತ್ತು. ಇವರು ಊರೋರ ಮೋಟಾರ್ ರಿಪೇರಿ ಮಾಡೋಕೆ ಹೋಗಿದ್ರು. ಪ್ರತಿ ಕೊಡಕ್ಕೂ ಅದನ್ನೇ ನೆನೆಸ್ಕೊಂಡೆ. ಸಂಜೆ ಸಿಗುತ್ತೆ, ಸಂಜೆ ಸಿಗುತ್ತೆ ಅಂತ."

ದಿನೇಶ ಬಾಗಿಲಿಗೆ ಬಂದು, "ಹೋಗ್ಲಿ ಬಿಡೇ, ನಾಳಿದ್ದು ನಾನೇ ತಂದುಕೊಡ್ತೀನಿ" ಎಂದ.

"ಅಂಗಡೀಲಿ ಇಲ್ಲ. ಅದೇ ಕಡೇ ಕಟ್ಟು. ಇನ್ನು ದೀಪಾವಳಿ ಮೇಲೆ" ಎಂದಳು ಮಾಸ್ತಮ್ಮ. ಅದನ್ನೂ ಬಚ್ಚಿಡಲಿಲ್ಲ.

ಆಗ ಜಗಲಿಯ ಮೂಲೆಯಿಂದ ಕಿಸಕ್ಕೆಂದು ನಗು ಕೇಳಿತು. ಕೆರಿಯಮ್ಮ. ಹಲ್ಲಿಲ್ಲದ ಬಾಯಿ ಅಗಲಿಸಿ, "ದಾರೀಲಿ ತಿಂದ್ರೆ ರುಚಿ ಜಾಸ್ತಿ ಅದು" ಎಂದಳು. "ಬಾಳೆಲೇಲಿ ಕಟ್ಕೊಂಡು ಬರುವಾಗ ನಂಗೂ ತಡೀತಿರ್ಲಿಲ್ಲ."

ಮಾಸ್ತಮ್ಮ ತಿರುಗಿ ಅತ್ತೆಯನ್ನು ನೋಡಿದಳು. ಮೂವತ್ತು ವರ್ಷದ ಹಿಂದಿನ ಎಲೆ ಕಣ್ಣ ಮುಂದೆ ಬಂತು. ಅವತ್ತಿನ ತನ್ನ ಪಾಲು ಎಲ್ಲಿಗೆ ಹೋಗಿತ್ತು ಎಂದು ಈಗ ತಿಳಿಯಿತು. ಬೈಯಬೇಕೆನಿಸಿತು. ಬೈಯಲು ಯಾವ ಬಾಯಿ? ಅದೇ ಬಾಯಲ್ಲಿ ಇನ್ನೂ ಏಲಕ್ಕಿಯ ವಾಸನೆ ಇತ್ತು.

ಅವಳು ಬಚ್ಚಲಿಗೆ ಹೋಗಿ ಮಿಂದು ಬಂದಳು. ಒಲೆ ಹಚ್ಚಿದಳು. ಮಡಿಕೆಯ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಆಮೇಲೆ ಯಾರನ್ನೂ ಕೇಳದೆ ಮಡಿಕೆಯನ್ನು ಒಲೆಯ ಮೇಲೆ ಬೋರಲು ಹಾಕಿದಳು.

ಒಳಗೆ ಇಣುಕಿದ ಮಂಜುನಾಥಪ್ಪ ಗಾಬರಿಯಾದ. "ಏ, ಅದು ಭೂಮ್ತಾಯಿ ಅಂಬ್ಲಿ ಮಡಿಕೆ ಕಣೇ! ಮೊದಲು ಅವಳಿಗೆ ಮಾಡ್ಬೇಕು."

"ಮೊದಲ ತುತ್ತು ಬಸುರೀದು ಅಲ್ವಾ? ಇಲ್ಲೊಬ್ಳು ಕೂತಿದಾಳೆ."

"ಆದ್ರೂ..."

"ನೀವು ಆ ಸೊಪ್ಪು ಸೋಸಿ. ದಿನೇಶನ್ನೂ ಕೂರಿಸ್ಕೊಳ್ಳಿ. ಹಣ್ಣೆಲೆ, ಹುಳದೆಲೆ ತೆಗೀಬೇಕು, ಇಷ್ಟೇ ವಿದ್ಯೆ. ಅವಳ ಮುಂದಿಂದ ರಾಶಿ ಎತ್ತಿ ಮೊದಲು."

ಗಂಡಸರು ಸೊಪ್ಪು ಸೋಸಿದ್ದು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಆದರೆ ಅವಳ ಮುಖ ನೋಡಿ ಅಪ್ಪ ಮಗ ರಾಶಿ ಎತ್ತಿಕೊಂಡು ಹೋಗಿ ಜಗಲಿಯ ದೀಪದ ಕೆಳಗೆ ಕೂತರು. "ಅದು ಹುಳ ಅಲ್ಲ ಕಣೋ, ಎಲೆ ನರ" ಎಂದು ಕೆರಿಯಮ್ಮ ಮೊಮ್ಮಗನಿಗೆ ಹೇಳುವುದು ಕೇಳಿಸುತ್ತಿತ್ತು.

ಕಡುಬಿಗೆಂದು ಕವನಾ ರುಬ್ಬಿಟ್ಟ ಅಕ್ಕಿಹಿಟ್ಟಿನಲ್ಲಿ ಒಂದು ಪಾಲು ತೆಗೆದು, ಭೂಮಿಗೆಂದು ತಂದ ಜೋನಿ ಬೆಲ್ಲ ಬೆರೆಸಿ ನೀರಾಗಿಸಿದಳು. ಕೋಲಿಗೆ ಬಟ್ಟೆ ಕಟ್ಟಿದಳು. ಬೇಲಿಯ ಈಚೆ ನಿಂತು ನೋಡಿದ್ದಷ್ಟೇ ಗೊತ್ತು; ಮಾಡಿದ್ದು ಒಮ್ಮೆಯೂ ಇಲ್ಲ. ಮೊದಲನೆಯದು ಮಡಿಕೆಗೆ ಅಂಟಿ ಕೂತಿತು. ಕೆರೆದು ತೆಗೆಯಬೇಕಾಯಿತು. ಎರಡನೆಯದು ದಪ್ಪ. ಮೂರನೆಯದು ಎಬ್ಬಿಸುವಾಗ ಹರಿಯಿತು. ಹರಿದದ್ದನ್ನು ಕೈ ತಾನಾಗಿಯೇ ಬಾಯಿಯ ತನಕ ತಂದಿತು. ಅಲ್ಲೇ ತಡೆದು ತಟ್ಟೆಗೆ ಹಾಕಿದಳು. ಹಣೆಯಿಂದ ಬೆವರು ಸುರಿದು ಕಣ್ಣು ಉರಿಯುತ್ತಿತ್ತು. ಮಹಾಲಕ್ಷ್ಮೀಯ ಸೊಂಟ ಯಾಕೆ ಬಿದ್ದುಹೋಗಿದೆ ಎಂದು ಈಗ ಗೊತ್ತಾಯಿತು. ಅಂಥ ಏಳನ್ನು ತಾನು ಅರ್ಧ ಗಂಟೆಯಲ್ಲಿ ತಿಂದಿದ್ದಳು.

ಕವನಾ ಗೋಡೆಗೆ ಒರಗಿ ನೋಡುತ್ತಿದ್ದಳು. ಸಹಾಯಕ್ಕೆ ಏಳಲಿಲ್ಲ. ಏಳಬಾರದು ಎಂದೇ ಮಾಸ್ತಮ್ಮನೂ ಒಳಗೊಳಗೇ ಬೇಡುತ್ತಿದ್ದಳು.

ಒಂಬತ್ತನೆಯದೋ ಹತ್ತನೆಯದೋ ಅಂಚಿನಿಂದ ಮೆಲ್ಲಗೆ ಬಿಟ್ಟುಕೊಂಡಿತು. ಹೊಳೆಬಾಗಿಲಿನ ಹಿನ್ನೀರಿನ ಮೇಲೆ ಬೆಳಗ್ಗೆ ಏಳುವ ಮಂಜಿನಂಥ ಹಾಳೆ. ಉಸಿರು ಬಿಗಿಹಿಡಿದು ಮಡಚಿ, ತಟ್ಟೆಯಲ್ಲಿಟ್ಟು, ಬಟ್ಟಲಿನ ತುಪ್ಪ ಎರೆದು ಸೊಸೆಯ ಮುಂದಿಟ್ಟಳು. ಹರಿದವುಗಳ ತಟ್ಟೆಯನ್ನು ಎತ್ತಿಕೊಂಡು ಜಗಲಿಗೆ ಹೋದಳು. "ತಗೊಳ್ಳಿ. ಮುರಿದದ್ದು ಇವತ್ತು ನಿಮ್ಮಿಬ್ರಿಗೆ."

"ಇಡೀದಿಲ್ವಾ?" ಎಂದ ದಿನೇಶ, ಅಭ್ಯಾಸಬಲದಿಂದ.

"ಇಲ್ಲ."

ಒಳಗೆ ಬಂದಾಗ ಕವನಾ ತಿನ್ನುತ್ತಿದ್ದಳು. ಯಾವಾಗಲೂ ಏನು ತಿಂದರೂ ಮೊದಲು ಅರ್ಧ ಮುರಿದು "ನಿಮಗೆ ಅತ್ತೆ" ಎನ್ನುವ ಹುಡುಗಿ ಇವತ್ತು ಏನನ್ನೂ ಮುರಿಯಲಿಲ್ಲ. ಬೇಕಾ ಎಂದು ಕೇಳಲಿಲ್ಲ. ಅತ್ತೆಯ ಕಡೆ ನೋಡಲೂ ಇಲ್ಲ. ಕಣ್ಣು ಮುಚ್ಚಿಕೊಂಡು ತಿಂದಳು. ಮಾಸ್ತಮ್ಮ ಒಲೆಯ ಮುಂದೆ ಕೈಕಟ್ಟಿ ನಿಂತಳು.

"ಸಿಹಿ ಸಾಕಾ? ನಾನು ರುಚಿ ನೋಡೋ ಹಾಗಿಲ್ಲ."

ಕವನಾ ಬೆರಳಿಗೆ ಅಂಟಿದ ತುಪ್ಪವನ್ನು ನೆಕ್ಕಿ, ಖಾಲಿ ತಟ್ಟೆಯನ್ನು ನೆಲದ ಮೇಲೆ ಅತ್ತೆಯ ಕಡೆಗೆ ಸರಿಸಿದಳು.

"ಇನ್ನೊಂದು" ಎಂದಳು.

ಮಾಸ್ತಮ್ಮ ಕೋಲನ್ನು ಹಿಟ್ಟಿಗೆ ಅದ್ದಿದಳು.